ಹದಿನಾಲ್ಕು ಹೊಲಿಗೆ ಮಿಷನ್, ಎರಡು ಮುರಿದ ಕಾಲು

ಕಳೆದ ಶನಿವಾರ ಕೊನೆಯ ಮಿಷನ್‌ಗೆ ಬೆಲ್ಟ್ ಹಾಕಿ ಮೊರೊಗೊರೊದಿಂದ ದಾರ್ ಎಸ್ ಸಲಾಮ್‌ಗೆ ವಾಪಸ್ ಬಂದೆ. ಬೆರಳ ಸಂದಿಯಲ್ಲಿ ಇನ್ನೂ ಸೀಮೆಎಣ್ಣೆ ವಾಸನೆ ಹೋಗಿಲ್ಲ. ಮುಂದೆ ಯಾರಾದರೂ ಹೀಗೆ ಹಳೆ ಹೊಲಿಗೆ ಮಿಷನ್ ರಿಪೇರಿ ಮಾಡಿ ಶಾಲೆಗೆ ಕೊಡುವ ಕೆಲಸಕ್ಕೆ ಕೈ ಹಾಕಿದರೆ ನಾವು ಮಾಡಿದ ತಪ್ಪು ಅವರಿಗೆ ಬೇಡ ಅಂತ, ನೆನಪಿರುವಾಗಲೇ ಎಲ್ಲ ಬರೆದಿಡುತ್ತಿದ್ದೇನೆ.

ನಾನು ಗದಗಿನವನು. ತಾಂಜಾನಿಯಾಕ್ಕೆ ಬಂದು ಹನ್ನೊಂದು ವರ್ಷ. ದಾರ್‌ನಲ್ಲಿ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ. ನನ್ನ ಮಗಳು ಓದುವ ಶಾಲೆಯ ಮಕ್ಕಳು, ಪಾಲಕರು, ಮೇಷ್ಟ್ರುಗಳು ಸೇರಿ ಮೊರೊಗೊರೊ ಹತ್ತಿರದ ಒಂದು ಸಣ್ಣ ವೃತ್ತಿ ತರಬೇತಿ ಶಾಲೆಗೆ ಕೆಲವು ವರ್ಷಗಳಿಂದ ನೆರವಾಗುತ್ತಿದ್ದಾರೆ. ಉಲುಗುರು ಬೆಟ್ಟದ ಬುಡದಲ್ಲಿರುವ ಶಾಲೆ ಅದು. ಹೊಲಿಗೆ, ಮರಗೆಲಸ, ವೆಲ್ಡಿಂಗ್ ಅಂತ ಮೂರು ವಿಭಾಗ. ಹೊಲಿಗೆ ಕಲಿಯುವವರು 26 ಮಂದಿ, ಓಡುವ ಮಿಷನ್ ಏಳೇ. ಒಬ್ಬಳು ತುಳಿದರೆ ಮೂವರು ನಿಂತು ನೋಡಬೇಕು.

ಜನವರಿ 2025: ಕೇಳದೆ ಶುರು ಮಾಡಿದ್ದು

ಮೊದಲ ತಪ್ಪು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆಯಿತು. 'ಹಳೆ ಹೊಲಿಗೆ ಮಿಷನ್ ಇದ್ದರೆ ಕೊಡಿ' ಅಂತ ಪಾಲಕರಿಗೆಲ್ಲ ತಿಳಿಸಿದೆವು. ಒಂದು ವಾರದಲ್ಲಿ ಐದು ಕರೆಂಟ್ ಮಿಷನ್ ಬಂದವು. ಎಲ್ಲ ಹೊಳೆಯುವಂಥವು. ಖುಷಿಯಿಂದ ಅಲ್ಲಿನ ಹೊಲಿಗೆ ಮೇಡಂಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಹೇಳಿದರು: "ನಮ್ಮ ಹುಡುಗಿಯರು ಕಲಿತು ಊರಿಗೆ ಹೋಗಿ ಅಂಗಡಿ ಮುಂದೆ ಕೂತು ಹೊಲಿಯುವವರು. ಎಷ್ಟೋ ಊರಲ್ಲಿ ಕರೆಂಟ್ ಇಲ್ಲ. ಇದರಲ್ಲಿ ಕಲಿತರೆ ಅಲ್ಲಿ ಕಾಲು ಓಡೋದಿಲ್ಲ. ಕಾಲಿನ ಮಿಷನ್ ಸಿಗುತ್ತಾ ನೋಡಿ."

ಅವರನ್ನು ಮೊದಲೇ ಕೇಳಬೇಕಿತ್ತು. ಒಂದು ಫೋನಿನ ಕೆಲಸ. ಕೊಟ್ಟವರ ಒಪ್ಪಿಗೆ ಪಡೆದು ಐದನ್ನೂ ಪಾಲಕರಲ್ಲೇ ಮಾರಿದೆವು. 4,20,000 ಶಿಲಿಂಗ್ ಬಂತು. ಅದೇ ನಮ್ಮ ಮೂಲ ಹಣವಾಯಿತು.

ಫೆಬ್ರವರಿ 8: ಎಣಿಕೆ, ವಿಂಗಡಣೆ

ಎರಡನೇ ಸಲ ಸರಿಯಾಗಿ ಕೇಳಿದ್ದಕ್ಕೆ ಹದಿನಾಲ್ಕು ಕಾಲಿನ ಮಿಷನ್ ಸಿಕ್ಕವು. ಮನೆಗಳಿಂದ ಐದು. ಯೂನಿಫಾರಂ ಹೊಲಿಯುವ ಅಂಗಡಿ ಮುಚ್ಚಿದವರೊಬ್ಬರು ಒಂಬತ್ತು ಮಿಷನ್‌ಗಳನ್ನು ಒಂದೇ ಸಲ ಕೊಟ್ಟರು, ದುಡ್ಡು ಬೇಡ ಅಂದರು. ಚೀನಾದ ಕಪ್ಪು ಬಟರ್‌ಫ್ಲೈ ಒಂಬತ್ತು, ಹಳೆ ಸಿಂಗರ್ ನಾಲ್ಕು, ಉಷಾ ಒಂದು. ಹಿಂದೂ ಮಹಾಸಾಗರದ ಈ ದಡದಲ್ಲಿ ಉಷಾ ಹೆಸರು ಕಂಡು ನಿಜಕ್ಕೂ ಕಣ್ಣು ತುಂಬಿತು. ಗದಗಿನ ನಮ್ಮ ಓಣಿಯ ಟೇಲರ್ ಅಂಗಡಿಯಲ್ಲಿ ಕೂತು ನಾನು ಮೊದಲು ಬಾಬಿನ್‌ಗೆ, ಅಂದರೆ ಕೆಳದಾರದ ಸಣ್ಣ ಉರುಳೆಗೆ, ದಾರ ಸುತ್ತಿದ್ದು ಅಂಥದ್ದರಲ್ಲೇ.

ಕೆಲಸಕ್ಕೆ ಮುಂಚೆ ಒಂದು ವಿಷಯ ನೋಡಿಕೊಳ್ಳಬೇಕು. ಬಟರ್‌ಫ್ಲೈ, ಉಷಾ ಥರದ ಮಾಮೂಲಿ ಮಿಷನ್‌ಗಳೆಲ್ಲ ಸಿಂಗರ್ 15 ಮಾದರಿಯದೇ ಅಚ್ಚು. ದುಂಡು ಬಾಬಿನ್, ಒಂದೇ ಥರದ ಬಾಬಿನ್ ಕೇಸ್, ಒಂದೇ ಸೂಜಿ. ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದೆ. ನಮ್ಮ ನಾಲ್ಕು ಸಿಂಗರ್‌ಗಳಲ್ಲಿ ಒಂದು ಮಾತ್ರ ಬೇರೆ. ಅದರ ಶಟಲ್ (ಸೂಜಿಯ ದಾರ ಹಿಡಿದು ಕೆಳದಾರಕ್ಕೆ ಸಿಕ್ಕಿಸುವ ಭಾಗ) ದೋಣಿಯಂತೆ ಉದ್ದ, ಬಾಬಿನ್ ಕಡ್ಡಿಯಂತೆ ಸಣ್ಣ. ನೋಡಲು ಬಹಳ ಚೆಂದ. ಆದರೆ ಅದರ ಬಾಬಿನ್ ಕಳೆದರೆ ಮೊರೊಗೊರೊದಲ್ಲಿ ಹುಡುಗಿ ಎಲ್ಲಿಂದ ತರುತ್ತಾಳೆ? ಪಕ್ಕಕ್ಕಿಟ್ಟೆವು. ಇನ್ನೊಂದು ಬಟರ್‌ಫ್ಲೈಯ ತೋಳೇ ಬಿರುಕು ಬಿಟ್ಟಿತ್ತು. ಅದನ್ನು ಬಿಚ್ಚಿ ಸಾಮಾನಿಗೆ ಇಟ್ಟುಕೊಂಡೆವು. ಉಳಿದದ್ದು ಹನ್ನೆರಡು.

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬಿಚ್ಚುವ ಕೆಲಸ. ಪ್ರತಿ ಮಿಷನ್‌ಗೆ ಮೊಟ್ಟೆ ಇಡುವ ಮೂವತ್ತು ಗುಂಡಿಯ ಒಂದು ಟ್ರೇ. ಬಿಚ್ಚಿದ ಸ್ಕ್ರೂ ಅನುಕ್ರಮವಾಗಿ ಒಂದೊಂದು ಗುಂಡಿಗೆ, ಜೊತೆಗೆ ಫೋಟೋ. ಇದು ನನ್ನ ಮಗಳ ಐಡಿಯಾ. ಕೊನೆಯವರೆಗೂ ಒಂದು ಸ್ಕ್ರೂ ಕೂಡ ಕಳೆಯಲಿಲ್ಲ.

ಮಕ್ಕಳಿಂದ ನಾನೂ ಒಂದು ಕಲಿತೆ. ಇಲ್ಲಿನ ಸ್ವಾಹಿಲಿಯಲ್ಲಿ ಸ್ಕ್ರೂಡ್ರೈವರ್‌ಗೆ 'ಬಿಸಿಬಿಸಿ' ಅನ್ನುತ್ತಾರೆ. ಹನ್ನೊಂದು ವರ್ಷ ಕೇಳಿದ ಪದವೇ. ಆದರೂ ಯಾರಾದರೂ "ಬಿಸಿಬಿಸಿ ಕೊಡಿ" ಅಂದಾಗಲೆಲ್ಲ ನಂಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಕಣ್ಮುಂದೆ ಬರುತ್ತದೆ.

ಫೆಬ್ರವರಿ 15ರಿಂದ ಮಾರ್ಚ್ 1: ನಾಲ್ಕನೇ ನಂಬರ್ ಮಿಷನ್

ಹೆಚ್ಚಿನವು ಸೀಮೆಎಣ್ಣೆ, ಬ್ರಷ್, ಹಳೆ ಬನಿಯನ್ ಬಟ್ಟೆಗೇ ಸರಿಹೋದವು. ನಾಲ್ಕನೇದು ಮಾತ್ರ ಮೂರು ಶನಿವಾರ ತಿಂದಿತು. ಚಕ್ರ ಒಂದು ಕೂದಲಿನಷ್ಟೂ ಅಲ್ಲಾಡುತ್ತಿರಲಿಲ್ಲ.

ಮುಖದ ಪ್ಲೇಟ್ ತೆಗೆದಾಗ ಕಾರಣ ಕಂಡಿತು. ಸೂಜಿ ಸರಳಿನ ಸುತ್ತ ಜೇನಿನ ಬಣ್ಣದ ಗಟ್ಟಿ ಪೊರೆ, ಉಗುರಿನಿಂದ ಕೆರೆದರೆ ಮೇಣದಂತೆ ಏಳುತ್ತಿತ್ತು. ಅಡುಗೆಯ ಸೂರ್ಯಕಾಂತಿ ಎಣ್ಣೆ. ಮಿಷನ್ ಎಣ್ಣೆ ಖಾಲಿಯಾದಾಗ ಯಾರೋ ವರ್ಷಗಟ್ಟಲೆ ಅದನ್ನೇ ಬಿಟ್ಟಿದ್ದಾರೆ. ಸೂರ್ಯಕಾಂತಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶ್ ಆಗುತ್ತದೆ. ಮೊದಲ ದಿನ ಓಡುತ್ತದೆ, ವರ್ಷದ ಮೇಲೆ ಅಂಟಿ ಹಿಡಿಯುತ್ತದೆ.

ಮೊದಲ ಶನಿವಾರ ನಾನು ಅವಸರ ಮಾಡಿದೆ. ಎಲ್ಲ ಎಣ್ಣೆ ತೂತಿಗೂ ಸೀಮೆಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಚಕ್ರಕ್ಕೆ ಪೈಪ್ ರೆಂಚ್ ಹಾಕಿ ತಿರುಗಿಸಿದೆ. ಚಕ್ರದ ನಡುವಿನ ಬಿಗಿ ಸ್ಕ್ರೂನ ಸಣ್ಣ ತಡೆ ಸ್ಕ್ರೂ ತಲೆ ಹಾರಿಹೋಯಿತು. ಮಿಷನ್ ತಿರುಗಲಿಲ್ಲ. ಬಿರುಕು ಬಿಟ್ಟ ಮಿಷನ್‌ನಿಂದ ಬೇರೆ ಸ್ಕ್ರೂ ತೆಗೆದು ಹಾಕಬೇಕಾಯಿತು. ಮಕ್ಕಳೆಲ್ಲ ನೋಡುತ್ತಿದ್ದರು. 'ಹಿಡಿದದ್ದನ್ನು ಬಲದಿಂದ ಬಿಡಿಸಬೇಡಿ' ಅಂತ ಬೆಳಗ್ಗೆ ಅವರಿಗೆ ಹೇಳಿದ್ದವನು ನಾನೇ.

ಎರಡನೇ ಶನಿವಾರ ಮನೆಯಿಂದ ಹೇರ್ ಡ್ರೈಯರ್ ತಂದೆ. ಬಿಸಿಗೆ ವಾರ್ನಿಶ್ ಮೆತ್ತಗಾಗುತ್ತದೆ. ಸೀಮೆಎಣ್ಣೆ ಒದ್ದೆ ಇರುವಾಗಲೇ ಡ್ರೈಯರ್ ಹಿಡಿಯಲು ಹೋದೆ. ಪಕ್ಕದಲ್ಲಿದ್ದ ಒಬ್ಬ ತಾಯಿ ಕೈ ಹಿಡಿದು ತಡೆದರು. ಅವರು ಹೇಳಿದ್ದೇ ಸರಿ: ಮೊದಲು ಪೂರ್ತಿ ಒರೆಸಿ, ಹೊರಗೆ ಗಾಳಿಯಲ್ಲಿಟ್ಟು ಬಿಸಿ ಮಾಡಿ, ಡ್ರೈಯರ್ ಆರಿಸಿ ದೂರ ಇಟ್ಟ ಮೇಲೆ ಸೀಮೆಎಣ್ಣೆ ಬಿಡಬೇಕು. ಆ ಕ್ರಮದಲ್ಲಿ ಐದು ಸುತ್ತು ಮಾಡಿದೆವು. ಚಕ್ರ ಒಂದು ಬೆರಳಿನಷ್ಟು ಆಡಿತು, ಮತ್ತೆ ನಿಂತಿತು.

ಮೂರನೇ ಶನಿವಾರ ಮಿಷನ್ ಹಿಂದಕ್ಕೆ ಮಲಗಿಸಿ ಶಟಲ್ ಬಿಚ್ಚಿದೆವು. ಅದರ ಹಿಂದೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ದಾರದ ಉಂಡೆ, ಎಣ್ಣೆ ಕುಡಿದು ಕಲ್ಲಾಗಿತ್ತು. ಚಿಮುಟದಲ್ಲಿ ಎಳೆದರೆ ಪದರ ಪದರವಾಗಿ ಬಂತು: ಮೇಲೆ ಬಿಳಿ, ಅದರಡಿ ನೀಲಿ, ಅದರಡಿ ಖಾಕಿ. ಯಾವ್ಯಾವ ವರ್ಷದ ಯೂನಿಫಾರಂ ದಾರವೋ. ಕೊನೆಯ ಎಳೆ ಬಂದದ್ದೇ ತಡ, ಚಕ್ರ ಒಂದು ಬೆರಳಿಗೆ ತಿರುಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆವತ್ತಿನಿಂದ ಎಣ್ಣೆಗಿಂತ ಮೊದಲು ಶಟಲ್ ಬಿಚ್ಚಿ ನೋಡುವುದು ನಮ್ಮ ನಿಯಮ. ಅದನ್ನು ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಇದೇ ಸಮಯದಲ್ಲಿ ಎರಡನೇ ನಂಬರ್ ಸಿಂಗರ್ ಕೆಡಿಸಿದೆವು. ಕೊಳೆ ತೆಗೆಯಲು ಸ್ಪಿರಿಟ್ ಹಚ್ಚಿ ಒರೆಸಿದೆವು. ಹಳೆ ಸಿಂಗರ್ ಮೇಲಿನ ಹೊಳಪು ಅರಗಿನದು. ಸ್ಪಿರಿಟ್‌ಗೆ ಅರಗು ಕರಗುತ್ತದೆ. ಬಂಗಾರದ ಬಳ್ಳಿ ಚಿತ್ತಾರ, ಅಕ್ಷರ ಎಲ್ಲ ಬಟ್ಟೆಗೆ ಬಂತು. ಹೊಲಿಗೆಗೆ ಏನೂ ತೊಂದರೆ ಇಲ್ಲ, ಆದರೂ ನೂರು ವರ್ಷ ಬಾಳಬಹುದಾದ ಚಿತ್ತಾರ ಎರಡು ನಿಮಿಷದಲ್ಲಿ ಹೋಯಿತು. ಕೊಳೆಗೆ ಮಿಷನ್ ಎಣ್ಣೆ, ಹತ್ತಿ ಸಾಕು. ನಿಧಾನ, ಅಷ್ಟೆ.

ಮಾರ್ಚ್ 15: ಮಳೆ, ತುಕ್ಕು

ರಂಜಾನ್ ಉಪವಾಸ ನಡೆಯುತ್ತಿತ್ತು. ನಮ್ಮಲ್ಲಿ ಅರ್ಧ ಜನ ಉಪವಾಸದವರು. ಹಾಗಾಗಿ ಕೆಲಸ ಬೆಳಗ್ಗೆ 7ರಿಂದ 10ಕ್ಕೆ ಬದಲಾಯಿತು. ಮಾಸಿಕಾ ಅನ್ನುವ ದೊಡ್ಡ ಮಳೆಗಾಲವೂ ಶುರುವಾಗುವ ಹೊತ್ತು. ಹಿಂದಿನ ವಾರ 400 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ ಕನ್ನಡಿಯಂತೆ ಮಾಡಿಟ್ಟಿದ್ದ ಹನ್ನೆರಡು ಸೂಜಿ ಪ್ಲೇಟ್‌ಗಳೂ ಕಂದು ಬಣ್ಣಕ್ಕೆ ತಿರುಗಿದ್ದವು. ಸಮುದ್ರದ ಗಾಳಿ, ಮಳೆಯ ತೇವ. ಬರಿ ಲೋಹ ಒಂದು ರಾತ್ರಿಯೂ ತಾಳುವುದಿಲ್ಲ. ಎಲ್ಲವನ್ನೂ ಮತ್ತೆ ಉಜ್ಜಿ, ಅದೇ ಗಳಿಗೆಯಲ್ಲಿ ಎಣ್ಣೆ ಸವರಿ, ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿದೆವು.

ಮಾರ್ಚ್ 22: ತಪ್ಪು ಸೂಜಿ

ಕರಿಯಾಕೂ ಮಾರ್ಕೆಟ್‌ನಿಂದ 15 ಪ್ಯಾಕೆಟ್ ಸೂಜಿ ತಂದೆ. ಅದರಲ್ಲಿ ಐದು ಪ್ಯಾಕೆಟ್ ಡಿಬಿ 1 ಸೂಜಿ. ಕಾರ್ಖಾನೆಯ ಮಿಷನ್‌ಗೆ ಹಾಕುವಂಥವು. ಬುಡ ದುಂಡಗೆ, ದಪ್ಪ ಸುಮಾರು 1.6 ಮಿಲಿಮೀಟರ್. ನಮ್ಮ ಮಿಷನ್‌ಗೆ ಬೇಕಾದದ್ದು ಎಚ್‌ಎ 1. ಅದರ ಬುಡದ ಒಂದು ಬದಿ ಚಪ್ಪಟೆ, ದಪ್ಪ ಸುಮಾರು 2 ಮಿಲಿಮೀಟರ್. ಸಣ್ಣದನ್ನು ಹಾಕಿದರೂ ಸ್ಕ್ರೂ ಬಿಗಿಯಾಗುತ್ತದೆ, ಅದೇ ಮೋಸ. ಸೂಜಿ ಒಂದು ಬದಿಗೆ ವಾಲಿ ಹೊಲಿಗೆ ಬಿಡುತ್ತದೆ. ಪ್ಯಾಕೆಟ್ ಮೇಲಿನ ಅಕ್ಷರ ಓದದೆ ತಂದದ್ದು ನನ್ನ ತಪ್ಪು. ಅದೃಷ್ಟಕ್ಕೆ ತರಬೇತಿ ಶಾಲೆಯಲ್ಲಿ ಕಾರ್ಖಾನೆ ಥರದ ಒಂದು ಮಿಷನ್ ಇತ್ತು. ಆ ಐದು ಪ್ಯಾಕೆಟ್ ಅದಕ್ಕೆ ಹೋದವು.

ಸೂಜಿ ಸರಳಿನ ಎತ್ತರ ನೋಡಿದ್ದು ಹೀಗೆ: ಸೂಜಿ ಪೂರ್ತಿ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲೆ ಬಂದಾಗ ಶಟಲ್‌ನ ಮೂತಿ ಸೂಜಿ ಕಣ್ಣಿಗಿಂತ ತುಸು ಮೇಲೆ ಇರಬೇಕು. ಮೂರು ಮಿಷನ್‌ಗಳಲ್ಲಿ ಸರಳು ಮೇಲೆ ಸರಿದಿತ್ತು. ಸ್ಕ್ರೂ ಸಡಿಲಿಸಿ ಇಳಿಸಿದೆವು. ಉಳಿದವು ಸರಿ ಇದ್ದವು.

ಏಪ್ರಿಲ್ 26: ಸಾಗಣೆ

ಇಲ್ಲಿ ಯೂನಿಯನ್ ಡೇ, ರಜೆ. ಬಾಡಿಗೆ ಲಾರಿಯಲ್ಲಿ ಸುಮಾರು 190 ಕಿಲೋಮೀಟರ್. ಮಿಷನ್ ತಲೆಗಳನ್ನು ಬಿಚ್ಚಿ ಪ್ಲೈವುಡ್ ಪೆಟ್ಟಿಗೆಗೆ ಹಾಕಿದ್ದೆವು. ಸ್ಟ್ಯಾಂಡ್‌ಗಳನ್ನು ಮಾತ್ರ ಜೋಡಿಸಿದಂತೆಯೇ ನಿಲ್ಲಿಸಿ ಹಗ್ಗ ಕಟ್ಟಿದೆವು. ಒಂದು ಸ್ಟ್ಯಾಂಡ್ ಬಿಚ್ಚಲು ಇಪ್ಪತ್ತು ನಿಮಿಷ ಬೇಕು. ಹನ್ನೆರಡಕ್ಕೆ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಉಳಿಸಲು ಹೋದೆವು.

ಚಾಲಿಂಜೆ ದಾಟಿದ ಮೇಲೆ ಒಂದು ರೋಡ್ ಹಂಪ್‌ನಲ್ಲಿ ಲಾರಿ ಹಾರಿತು. ಹಗ್ಗ ಸಡಿಲಾಗಿ ಎರಡು ಸ್ಟ್ಯಾಂಡ್ ಉರುಳಿದವು. ಕಾಲುಗಳು ಬೀಡು ಕಬ್ಬಿಣ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಒಂದೊಂದು ಸ್ಟ್ಯಾಂಡ್‌ನಲ್ಲಿ ಒಂದೊಂದು ಕಾಲು, ಎರಡು ತುಂಡು. ಒಂದು ಸಿಂಗರ್‌ದು, ಒಂದು ಉಷಾದು. ಲಾರಿಯ ಹಿಂಬಾಗಿಲು ತೆಗೆದಾಗ ಮಾತೇ ಹೊರಡಲಿಲ್ಲ. ತರಬೇತಿ ಶಾಲೆಯ ಹುಡುಗರು ಸುತ್ತ ನಿಂತು "ಪೋಲೆ, ಪೋಲೆ" ಅಂದರು. ನಿಮಗೆ ಹೀಗಾಯಿತಲ್ಲ ಅನ್ನುವ ಮರುಕದ ಮಾತು ಅದು.

ಆ ಸಂಜೆಯೇ ಸಾಮಾನ್ಯ ಆರ್ಕ್ ವೆಲ್ಡಿಂಗ್ ಕಡ್ಡಿಯಲ್ಲಿ ಸೇರಿಸಲು ನಾನು ನೋಡಿದೆ. ಸೇರಿತು. ಎರಡು ನಿಮಿಷ ಆರುವುದರಲ್ಲಿ 'ಟಿಕ್' ಅಂತ ಸದ್ದಾಗಿ ಬೆಸುಗೆ ಪಕ್ಕದಲ್ಲೇ ಹೊಸ ಬಿರುಕು. ಅಲ್ಲಿನ ವೆಲ್ಡಿಂಗ್ ಮೇಷ್ಟ್ರು ಹೊರಗೆ ಹೋಗಿದ್ದರು. ಅವರು ಬರುವವರೆಗೆ ಕಾಯಬೇಕಿತ್ತು.

ಮರುದಿನ ಬೆಳಗ್ಗೆ ಅವರು ಮಾಡಿದ ರೀತಿ ಪೂರ್ತಿ ಬರೆಯುತ್ತೇನೆ, ಏಕೆಂದರೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಚೆಂದದ್ದು ನಾನು ನೋಡಲಿಲ್ಲ. ನನ್ನ ಬೆಸುಗೆಯನ್ನು ಗ್ರೈಂಡರ್‌ನಲ್ಲಿ ಪೂರ್ತಿ ತೆಗೆಸಿದರು. ಎರಡೂ ಅಂಚನ್ನು ಇಳಿಜಾರು ಮಾಡಿಸಿ ನಡುವೆ ಒಂದು ಕಾಲುವೆ ಬರುವಂತೆ ಮಾಡಿದರು. ತುಂಡುಗಳನ್ನು ಇಟ್ಟಿಗೆ ಮೇಲೆ ಜೋಡಿಸಿ ಸುತ್ತ ಇದ್ದಿಲು ಬೆಂಕಿ ಹಾಕಿದರು. ಸುಮಾರು ಮುಕ್ಕಾಲು ಗಂಟೆ ಬರೀ ಕಾಯಿಸುವುದೇ. ಒಬ್ಬ ಹುಡುಗ ರಟ್ಟು ಬೀಸುತ್ತಾ ಕೂತಿದ್ದ. ನಂತರ ಗ್ಯಾಸ್ ಟಾರ್ಚ್, ಹಿತ್ತಾಳೆ ಕಡ್ಡಿ. ಕಡ್ಡಿಯ ತುದಿಯನ್ನು ಬಿಳಿಗಾರದ ಪುಡಿಗೆ ಅದ್ದಿ ಅದ್ದಿ ಹಚ್ಚಿದರು. ಬೀಡು ಕರಗಲೇ ಇಲ್ಲ, ಮಂದ ಕೆಂಪಾಗಿತ್ತು ಅಷ್ಟೆ. ಹಿತ್ತಾಳೆ ಮಾತ್ರ ಕರಗಿ, ಕಾಲುವೆಯಲ್ಲಿ ನೀರಿನಂತೆ ಹರಿದು ತುಂಬಿತು. ಎಲ್ಲ ಮುಗಿದ ಮೇಲೆ ಕಾಲನ್ನು ಬೂದಿಯ ಗುಡ್ಡೆಯೊಳಗೆ ಹೂತು "ನಾಳೆ ಬೆಳಗ್ಗೆವರೆಗೆ ಯಾರೂ ಮುಟ್ಟಬೇಡಿ" ಅಂದರು. ನಿಧಾನ ಆರದಿದ್ದರೆ ಮತ್ತೆ ಬಿರಿಯುತ್ತದೆ.

ಎರಡು ಕಾಲೂ ಈಗ ಗಟ್ಟಿ ನಿಂತಿವೆ. ಕಪ್ಪು ಕಬ್ಬಿಣದ ಅಡ್ಡಕ್ಕೆ ಒಂದು ಹಳದಿ ಗೆರೆ. ಬಣ್ಣ ಹಚ್ಚೋಣವಾ ಅಂತ ಕೇಳಿದೆ. ಬೇಡ, ಹುಡುಗರು ನೋಡಿ ಕಲಿಯಲಿ ಅಂದರು.

ಮೇ 10: ಬೆಲ್ಟ್

ಚರ್ಮದ ಬೆಲ್ಟ್‌ಗಳನ್ನು ದಾರ್‌ನಲ್ಲೇ 183 ಸೆಂಟಿಮೀಟರ್‌ಗೆ ಕತ್ತರಿಸಿಟ್ಟುಕೊಂಡು ಹೋಗಿದ್ದೆವು. ಎಲ್ಲ ಸ್ಟ್ಯಾಂಡ್ ಒಂದೇ ಎತ್ತರ ಅಂದುಕೊಂಡಿದ್ದೆವು. ಸಿಂಗರ್‌ನ ಚಕ್ರ ಬೇರೆ, ಬಟರ್‌ಫ್ಲೈ ಚಕ್ರ ಬೇರೆ. ಮೂರು ಗಿಡ್ಡವಾದವು, ನಾಲ್ಕು ಜಾರಿದವು. ಸರಿಯಾದ ಕ್ರಮ: ಬೆಲ್ಟ್‌ನ್ನು ಮಿಷನ್ ಮೇಲೆಯೇ ಸುತ್ತಿ, ಎರಡು ತುದಿ ಸೇರುವ ಜಾಗಕ್ಕಿಂತ ಒಂದು ಇಂಚು ಕಡಿಮೆಗೆ ಕತ್ತರಿಸಿ, ಎಳೆದು ತಂತಿ ಕೊಂಡಿ ಹಾಕುವುದು. ಚರ್ಮ ಒಂದು ವಾರದಲ್ಲಿ ಅಷ್ಟು ಹಿಗ್ಗುತ್ತದೆ. ಗಿಡ್ಡವಾದ ಮೂರನ್ನು ಬೇರೆ ತುಂಡು ಸೇರಿಸಿ ಎರಡು ಕೊಂಡಿ ಹಾಕಿದೆವು. ಪ್ರತಿ ಸುತ್ತಿಗೂ ಸಣ್ಣ ಸದ್ದು ಬರುತ್ತದೆ, ಆದರೆ ಓಡುತ್ತವೆ.

ಮೇ 24: ಅವರೇ ಮಾಡಿದ್ದು

ಹತ್ತನೇ ನಂಬರ್‌ನ ಪೆಡಲ್‌ನಿಂದ ಚಕ್ರಕ್ಕೆ ಹೋಗುವ ಮರದ ಕೋಲು ಸೀಳಿತ್ತು. ದಾರ್‌ನಲ್ಲಿ ಎಲ್ಲೂ ಸಿಗಲಿಲ್ಲ. ಮರಗೆಲಸದ ಹುಡುಗನೊಬ್ಬ ಹಳೆಯದನ್ನು ಅಳತೆಗಿಟ್ಟುಕೊಂಡು ಮ್ನಿಂಗಾ ಮರದಲ್ಲಿ ಹೊಸದು ಕೆತ್ತಿದ. ನಮ್ಮ ಹೊನ್ನೆಯ ಬಳಗದ ಮರ ಅದು, ಬಣ್ಣವೂ ಹಾಗೇ ಕೆಂಪು. ಎರಡು ಗಂಟೆಯ ಕೆಲಸ. ಹಳೆಯದಕ್ಕಿಂತ ಚೆನ್ನಾಗಿ ಕೂತಿದೆ.

ಅದೇ ದಿನ ಆರನೇ ನಂಬರ್ ಹೊಲಿಗೆ ಬಿಡುತ್ತಿತ್ತು. ನಾನು ಒಂದು ಗಂಟೆ ಶಟಲ್, ದಾರದ ಬಿಗಿ ಎಲ್ಲ ನೋಡಿದೆ. ಒಬ್ಬ ಹುಡುಗಿ ಹತ್ತಿರ ಬಂದು "ಶಿಕಮೂ" ಅಂದಳು. ಹಿರಿಯರಿಗೆ ಹೇಳುವ ನಮಸ್ಕಾರ. ಕಾಲು ಹಿಡಿಯುತ್ತೇನೆ ಅಂತ ಅದರ ಮೂಲ ಅರ್ಥ, ನಮ್ಮಲ್ಲಿ ಕಾಲಿಗೆ ಬೀಳುವ ಹಾಗೇ. "ಮರಹಬಾ" ಅಂದೆ. ಆಮೇಲೆ ಅವಳು ಸೂಜಿ ತೋರಿಸಿದಳು. ಚಪ್ಪಟೆ ಬದಿ ಬಲಕ್ಕಿತ್ತು. ಈ ಮಿಷನ್‌ಗಳಲ್ಲಿ ಚಪ್ಪಟೆ ಎಡಕ್ಕಿರಬೇಕು, ದಾರ ಬಲದಿಂದ ಎಡಕ್ಕೆ ಪೋಣಿಸಬೇಕು. ನಾವು ದಾರ್‌ನಲ್ಲಿ ಉಲ್ಟಾ ಹಾಕಿ ಕಳಿಸಿದ್ದೆವು. ತಿರುಗಿಸಿ ಹಾಕಿದಳು. ಕಿಟೆಂಗೆ ಬಟ್ಟೆಯ ಚೂರೊಂದರ ಮೇಲೆ ಗೆರೆ ಎಳೆದಂತೆ ಹೊಲಿಗೆ ಬಂತು.

ನಾವು ಬಿಡಿ ಸಾಮಾನಿನ ಡಬ್ಬಿಯನ್ನು ದಾರ್‌ನಲ್ಲೇ ಇಟ್ಟುಕೊಂಡು, ಕೆಟ್ಟಾಗ ಬಂದು ರಿಪೇರಿ ಮಾಡೋಣ ಅಂದುಕೊಂಡಿದ್ದೆವು. ಆ ದಿನ ಡಬ್ಬಿ, ಬಿಸಿಬಿಸಿಗಳು, ಉಳಿದ ಎಣ್ಣೆ ಎಲ್ಲ ಅಲ್ಲೇ ಬಿಟ್ಟು ಬಂದೆ. ಹೊಲಿಗೆ ಮೇಡಂ ಪ್ರತಿ ಸ್ಟ್ಯಾಂಡ್‌ಗೂ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿಸಿದ್ದಾರೆ. ಯಾರು, ಯಾವತ್ತು ಎಣ್ಣೆ ಬಿಟ್ಟರು, ಏನು ಕೆಟ್ಟಿತು, ಏನು ಮಾಡಿದರು, ಎಲ್ಲ ಅದರಲ್ಲಿ.

ಖರ್ಚು

ಬೆಲ್ಟ್ 12ಕ್ಕೆ 60,000 ಶಿಲಿಂಗ್. ಬಾಬಿನ್ ಕೇಸ್ 9ಕ್ಕೆ 36,000, ಬಾಬಿನ್ 60ಕ್ಕೆ 18,000. ಸೂಜಿ 45,000. ಮಿಷನ್ ಎಣ್ಣೆ 4 ಲೀಟರ್ 48,000, ಸೀಮೆಎಣ್ಣೆ 10 ಲೀಟರ್ 30,000. ಬಾಬಿನ್ ಸುತ್ತುವ ರಬ್ಬರ್ ರಿಂಗ್ 7,000. ಸ್ಪ್ರಿಂಗ್, ಸ್ಕ್ರೂ, ಉಪ್ಪುಕಾಗದ ಸೇರಿ 40,000. ಪ್ಲೈವುಡ್, ಹಗ್ಗ 36,000. ಲಾರಿ 3,80,000. ಒಟ್ಟು 7,00,000 ಶಿಲಿಂಗ್, ನಮ್ಮ ಲೆಕ್ಕದಲ್ಲಿ ಸುಮಾರು 22 ಸಾವಿರ ರೂಪಾಯಿ. ಕರೆಂಟ್ ಮಿಷನ್ ಮಾರಿದ ಹಣ ಕಳೆದರೆ ಪಾಲಕರು ಹಾಕಿದ್ದು 2,80,000. ಅರ್ಧಕ್ಕಿಂತ ಜಾಸ್ತಿ ಲಾರಿಗೇ ಹೋಯಿತು. ಮೊರೊಗೊರೊದಲ್ಲೇ ಹಳೆ ಮಿಷನ್ ಹುಡುಕಿದ್ದರೆ ಆ ದುಡ್ಡಲ್ಲಿ ಇನ್ನೆಷ್ಟೋ ಸಾಮಾನು ಬರುತ್ತಿತ್ತು. ಮುಂದಿನ ಸಲ ಹಾಗೇ ಮಾಡುತ್ತೇವೆ.

ನನ್ನ ಓಡಾಟದ ಟಿಕೆಟ್ ಇದರಲ್ಲಿ ಸೇರಿಲ್ಲ. 2024ರಲ್ಲಿ ಶುರುವಾದ ಹೊಸ ಎಲೆಕ್ಟ್ರಿಕ್ ರೈಲು ಎರಡು ಗಂಟೆಯೊಳಗೆ ಮೊರೊಗೊರೊ ಮುಟ್ಟಿಸುತ್ತದೆ. ಅದಿಲ್ಲದಿದ್ದರೆ ಇಷ್ಟು ಸಲ ಹೋಗಿಬರಲು ನನಗೆ ಆಗುತ್ತಿರಲಿಲ್ಲ.

ಜೂನ್ 14: ಈಗಿನ ಸ್ಥಿತಿ

ಹನ್ನೆರಡರಲ್ಲಿ ಹನ್ನೊಂದು ಓಡುತ್ತಿವೆ. ಮೊದಲಿನ ಏಳು ಸೇರಿ ಹದಿನೆಂಟು. 26 ಜನಕ್ಕೆ ಇನ್ನೂ ಎಂಟು ಬೇಕು.

ಉಳಿದಿರುವುದು ಒಂಬತ್ತನೇ ನಂಬರ್. ತೆಳು ಬಟ್ಟೆಗೆ ಸರಿ, ಜೀನ್ಸ್ ಮೂರು ಪದರ ಹಾಕಿದರೆ ಹೊಲಿಗೆ ಬಿಡುತ್ತದೆ. ಸೂಜಿ ಬದಲಿಸಿದೆ, ಸರಳಿನ ಎತ್ತರ ಎರಡು ಸಲ ಸರಿಮಾಡಿದೆ, ಆಗಲಿಲ್ಲ. ನಾನು ಹೊರಡುವಾಗ ಸೂಜಿ ತಿರುಗಿಸಿದ ಅದೇ ಹುಡುಗಿ ಶಟಲ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೂತಿ ಸವೆದು ಮೊಂಡಾಗಿದೆ ಅಂದಳು. ನಾನು ಬೆರಳಿಟ್ಟು ನೋಡಿದೆ. ನಿಜ, ಚುಚ್ಚಲೇ ಇಲ್ಲ. ನೋಟ್‌ಬುಕ್‌ನಲ್ಲಿ ಅವಳೇ ತಾರೀಖು ಹಾಕಿ ಬರೆದಳು: ಚೆರೆಹಾನಿ (ಹೊಲಿಗೆ ಮಿಷನ್) 9, ಹೊಸ ಶಟಲ್ ಬೇಕು. ಅದರ ಪಕ್ಕ ಪೆನ್ಸಿಲ್‌ನಲ್ಲಿ ಶಟಲ್‌ನ ಚಿತ್ರ ಬರೆದು, ಸವೆದ ಜಾಗಕ್ಕೆ ಬಾಣದ ಗುರುತು ಹಾಕಿದಳು. ಆ ಪುಟದ ಫೋಟೋ ನನ್ನ ಫೋನ್‌ನಲ್ಲಿದೆ. ಸೋಮವಾರ ಕೆಲಸ ಮುಗಿಸಿ ಕರಿಯಾಕೂಗೆ ಹೋಗುತ್ತೇನೆ.